ಒಂದು ಚಮಚ ನುಂಗುವಷ್ಟು ಹೊತ್ತು

ರೋಗಿಗೆ ಊಟ ಮಾಡಿಸುವುದು ನರ್ಸ್ ಕೆಲಸವೋ ಆಯಾ ಕೆಲಸವೋ ಎಂದು ಹೊಸದಾಗಿ ಆಸ್ಪತ್ರೆಗೆ ಸೇರಿದ ಹುಡುಗಿಯರು ನನ್ನನ್ನು ಕೇಳುತ್ತಾರೆ. ಸೋಮಾರಿತನದಿಂದ ಕೇಳುವ ಪ್ರಶ್ನೆಯಲ್ಲ ಅದು. ಒಬ್ಬೊಬ್ಬರ ಪಾಲಿಗೂ ಬೇಕಾದಷ್ಟು ಹಾಸಿಗೆಗಳಿರುತ್ತವೆ. ಔಷಧಿ, ಇಂಜೆಕ್ಷನ್, ಡ್ರಿಪ್ ಮುಗಿಸಿ, ಕೊಟ್ಟದ್ದನ್ನೆಲ್ಲ ಕಂಪ್ಯೂಟರಿಗೆ ತುಂಬುವಷ್ಟರಲ್ಲಿ ಡ್ಯೂಟಿ ಮುಗಿದಿರುತ್ತದೆ. ನಾನಾದರೋ ನಿವೃತ್ತಳಾಗಿ ಮಹಾಲಕ್ಷ್ಮಿ ಲೇಔಟಿನ ಮನೆಯಲ್ಲಿ ಕೂತವಳು. ಇಲ್ಲಿಂದ ಉಪದೇಶ ಮಾಡುವುದು ಸುಲಭ. ಆದ್ದರಿಂದ ಉಪದೇಶ ಬಿಟ್ಟು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನೆನಪು ಖಚಿತವಿಲ್ಲದ ಕಡೆ ಹಾಗೆಂದೇ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಾರ್ಡಿನ ಮೇಲ್ವಿಚಾರಣೆ ಏಲಿಯಮ್ಮ ಸಿಸ್ಟರ್ ಅವರದು. ಕೇರಳದವರು. ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದರು, ಆದರೆ ಬೈಯುವಾಗ ಮಾತ್ರ ಅವರ ಕನ್ನಡಕ್ಕೆ ಅವರ ಊರಿನ ರಾಗ ಬರುತ್ತಿತ್ತು. ಅವರದೊಂದು ಕಟ್ಟುನಿಟ್ಟು: ಡ್ಯೂಟಿಯಲ್ಲಿರುವ ನರ್ಸ್ ರೋಗಿಯ ಬಳಿ ಕೂರಬಾರದು. ಹಾಸಿಗೆಯ ಅಂಚಿನ ಮೇಲಂತೂ ಅಲ್ಲವೇ ಅಲ್ಲ, ಸ್ಟೂಲಿನ ಮೇಲೂ ಕೂರಬಾರದು. "ಕೂತ ನರ್ಸ್‌ನ ನೋಡಿದ್ರೆ ದೂರದ ಬೆಡ್‌ನವ್ರು ಏನಂದ್ಕೋತಾರೆ? ಇವಳಿಗೆ ಕೆಲ್ಸ ಇಲ್ಲ ಅಂತ ತಾನೇ? ನಿಂತ್ಕೋ, ಕರೆದ್ರೆ ಕಾಣೋ ಹಾಗೆ ನಿಂತ್ಕೋ" ಅನ್ನುತ್ತಿದ್ದರು. ಅದರಲ್ಲಿ ಅರ್ಥವಿತ್ತು. ಕರೆಗಂಟೆಗಳಿಲ್ಲದ ಕಾಲ. ಸೆರಗಿನ ತುದಿ ಕಂಡರೇ ರೋಗಿಗಳಿಗೆ ಧೈರ್ಯ. ಹೀಗೆ ನಿಂತೇ ಕಲಿತೆ, ನಿಂತೇ ಉಣ್ಣಿಸಿದೆ, ನಿಂತೇ ಸಮಾಧಾನ ಹೇಳಿದೆ. ಕಾಲಿನ ನರಗಳು ಊದಿಕೊಂಡವು. ಅದು ನಮ್ಮ ಕಸುಬಿನ ಸಂಬಳದ ಭಾಗ ಎಂದುಕೊಂಡೆ.

ಉಣ್ಣಿಸುವುದರಲ್ಲೂ ಏಲಿಯಮ್ಮ ಸಿಸ್ಟರ್ ಹೇಳಿಕೊಟ್ಟ ಪಾಠವೊಂದಿದೆ, ಅದನ್ನು ಇವತ್ತಿಗೂ ಒಪ್ಪುತ್ತೇನೆ. ಪ್ರತಿ ತುತ್ತಿನ ನಂತರ ರೋಗಿಯನ್ನು ಮಾತಾಡಿಸಬೇಕು. ಹೆಸರು ಕೇಳು, ಊರು ಕೇಳು, ಏನೂ ತೋಚದಿದ್ದರೆ ಸಾರು ಹೇಗಿದೆ ಕೇಳು. ಉತ್ತರ ಮುಖ್ಯವಲ್ಲ, ದನಿ ಮುಖ್ಯ. ದನಿ ಎಂದಿನಂತಿದ್ದರೆ ತುತ್ತು ಹೊಟ್ಟೆಗೆ ಹೋಗಿದೆ. ಗಂಟಲಲ್ಲಿ ನೀರು ತುಂಬಿಕೊಂಡವರ ಹಾಗೆ ಗೊರಗೊರ ಅಂದರೆ ಅದು ಶ್ವಾಸದ ದಾರಿಯ ಬಾಗಿಲಲ್ಲೇ ನಿಂತಿದೆ, ಮುಂದಿನ ತುತ್ತು ಕೊಡಬೇಡ. ಈಗ ಇದನ್ನು ಸ್ಪೀಚ್ ಥೆರಪಿಸ್ಟರು ಕ್ರಮವಾಗಿ ಕಲಿತು ಬರುತ್ತಾರೆ. ಆಗ ಅಂಥವರು ನಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲ.

ಈಗ ತಿಮ್ಮೇಗೌಡರ ವಿಷಯಕ್ಕೆ ಬರುತ್ತೇನೆ. ಇದು ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮುಂಚೆ, ಪಾರ್ಶ್ವವಾಯು ರೋಗಿಗಳ ವಾರ್ಡಿನ ಇನ್‌ಚಾರ್ಜ್ ಆಗಿದ್ದಾಗಿನ ಮಾತು. ಗೌಡರು ಕೆಂಗೇರಿಯಾಚೆಯ ಹಳ್ಳಿಯವರು. ಹಳ್ಳಿ ಎನ್ನುವುದು ಹೆಸರಿಗೆ, ಸುತ್ತಲೂ ಬಡಾವಣೆ ಎದ್ದಿತ್ತು. ಹೊಲವೆಲ್ಲ ಸೈಟುಗಳಾದ ಮೇಲೂ ಮನೆಯ ಹಿಂದಿನ ಒಂದು ತುಂಡು ನೆಲದಲ್ಲಿ ರಾಗಿ ಹಾಕುತ್ತಿದ್ದರಂತೆ. ಎತ್ತರದ ಆಳು, ದೊಡ್ಡ ಕೈಗಳು. ಎಡಗೈ ಎಡಗಾಲು ಬಿದ್ದುಹೋಗಿದ್ದವು. ಬಾಯಿ ಒಂದು ಕಡೆ ಜಾರಿತ್ತು. ಬುದ್ಧಿ ಚುರುಕಾಗಿತ್ತು. ಮಾತು ತೊದಲಿದರೂ ಕಿವಿಗೊಟ್ಟರೆ ತಿಳಿಯುತ್ತಿತ್ತು. ಕೆಟ್ಟದ್ದು ಗಂಟಲು. ನುಂಗುವ ಶಕ್ತಿ ಹೋಗಿತ್ತು. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ಅದರಲ್ಲೇ ಆಹಾರ ಹಾಕುತ್ತಿದ್ದೆವು.

ಅವರ ಹೆಂಡತಿ ಜಯಮ್ಮ. ಕುಳ್ಳನೆಯ ಹೆಂಗಸು. ಬಂದವಳು ಹಾಸಿಗೆಯ ಪಕ್ಕ ನಿಂತರೆ ನಿಂತಳೇ. ಕೂರಿ ಎಂದರೆ "ಇರ್ಲಿ ಬಿಡಿ ಸಿಸ್ಟ್ರೇ, ನಂಗೇನ್ ಆಗಿದೆ" ಎನ್ನುತ್ತಿದ್ದಳು. ನಾನು ಏಕವಚನದಲ್ಲಿ ಬರೆಯುತ್ತಿರುವುದು ಸಲಿಗೆಯಿಂದ. ಮುಂದೆ ಅವಳು ನನಗೆ ಅಷ್ಟು ಹತ್ತಿರವಾದಳು. ಮಗ ರಮೇಶ ಕೆಂಗೇರಿ ಉಪನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಸಂಜೆ ಅಂಗಡಿ ಬಿಟ್ಟು ಓಡಿ ಬರುತ್ತಿದ್ದ.

ಸ್ವಲ್ಪ ದಿನಕ್ಕೆ ಗಂಟಲಿಗೆ ಚೂರು ಚೂರೇ ಜೀವ ಬರತೊಡಗಿತು. ನಮ್ಮ ಸ್ಪೀಚ್ ಥೆರಪಿಸ್ಟ್ ಅನುಷಾ, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗದ ಹುಡುಗಿ, ಪರೀಕ್ಷೆ ಮಾಡಿ ಹೇಳಿದಳು: ಟ್ಯೂಬ್ ಇರಲಿ, ಜೊತೆಗೆ ದಿನಕ್ಕೆ ಎರಡು ಮೂರು ಚಮಚ ಮೆತ್ತಗಿನದು ಬಾಯಿಂದ ಕೊಟ್ಟು ನೋಡೋಣ, ಬಾಳೆಹಣ್ಣು ಕಿವುಚಿದ್ದು ಅಥವಾ ಹಾಲಲ್ಲಿ ಕಲಸಿದ ಇಡ್ಲಿ. ನರ್ಸ್ ಇಲ್ಲದೆ ಯಾರೂ ಕೊಡಬಾರದು. ಇದನ್ನು ಜಯಮ್ಮನಿಗೂ ಬಿಡಿಸಿ ಹೇಳಿದ್ದಳು. ನಾನು ಅಲ್ಲೇ ಇದ್ದೆ. ಜಯಮ್ಮ ತಲೆ ಆಡಿಸಿದ್ದಳು.

ಮಾರನೆಯ ದಿನ ಮಧ್ಯಾಹ್ನ ನಾನು ಪಕ್ಕದ ಹಾಸಿಗೆಯ ರಂಗಸ್ವಾಮಿಯವರ ಡ್ರಿಪ್ ಬದಲಾಯಿಸುತ್ತಿದ್ದೆ. ಅವರು ಸಿಟಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಬಾಯಿ ಒಂದು ಗಳಿಗೆ ಸುಮ್ಮನಿರುವ ಪೈಕಿ ಅಲ್ಲ. ಅವತ್ತು ಮಾತಾಡುತ್ತಿದ್ದವರು ನಡುವೆಯೇ ನಿಲ್ಲಿಸಿ ನನ್ನ ಹಿಂದಕ್ಕೆ ನೋಡಿದರು. ತಿರುಗಿದೆ. ಗೌಡರ ಬಾಯಿ ತೆರೆದಿತ್ತು. ಬಲಗೈ ಕುತ್ತಿಗೆಯ ಮೇಲಿತ್ತು. ಸದ್ದಿರಲಿಲ್ಲ. ಇದನ್ನು ನೀವು ನೆನಪಿಡಬೇಕು: ಕೆಮ್ಮುವವನು ಇನ್ನೂ ಉಸಿರಾಡುತ್ತಿದ್ದಾನೆ. ಸದ್ದಿಲ್ಲದವನ ಬಳಿಗೆ ಓಡಬೇಕು. ಜಯಮ್ಮನ ಕೈಯಲ್ಲಿ ಟಿಫಿನ್ ಡಬ್ಬಿ. ಅದರೊಳಗೆ ಸಾರಿನಲ್ಲಿ ಮುಳುಗಿದ ರಾಗಿ ಮುದ್ದೆ, ಒಂದು ಬದಿ ಮುರಿದದ್ದು.

ಅವರನ್ನು ಮುಂದಕ್ಕೆ ಬಗ್ಗಿಸಿ ಎದೆಗೆ ಒಂದು ಕೈ ಕೊಟ್ಟು ಬೆನ್ನಿನ ಮೇಲೆ ಹೆಗಲೆಲುಬುಗಳ ನಡುವೆ ಅಂಗೈಯಿಂದ ಹೊಡೆದೆ. ಎಷ್ಟು ಸಲ ಹೊಡೆದೆನೋ ಎಣಿಸಲಿಲ್ಲ. ಮುಖ ನೇರಳೆಗೆ ತಿರುಗುತ್ತಿತ್ತು. ಅಷ್ಟು ದೊಡ್ಡ ಮೈ ನನ್ನ ತೋಳಿನ ಮೇಲೆ ಭಾರ ಬಿಟ್ಟದ್ದು ಇವತ್ತಿಗೂ ತೋಳಿಗೆ ಗೊತ್ತು. ಒಂದು ತುಂಡು ಹೊರಗೆ ಬಿತ್ತು. ಆಮೇಲೆ ಉಸಿರಿನ ಸದ್ದು ಬಂತು, ಸೀಟಿ ಹೊಡೆದ ಹಾಗೆ. ಅಷ್ಟರಲ್ಲಿ ಬೇರೆ ಸಿಸ್ಟರುಗಳು ಗಂಟಲಲ್ಲಿ ಉಳಿದದ್ದನ್ನು ಹೀರಿ ತೆಗೆಯುವ ಸಕ್ಷನ್ ಮಷೀನ್ ತಂದರು, ಡಾಕ್ಟರು ಬಂದರು. ಜೀವ ಉಳಿಯಿತು. ಆದರೆ ಸ್ವಲ್ಪ ಆಹಾರ ಶ್ವಾಸಕೋಶಕ್ಕೆ ಇಳಿದಿತ್ತು. ಜ್ವರ ಏರಿತು, ನ್ಯುಮೋನಿಯಾ ಆಯಿತು.

ಎಲ್ಲ ಮುಗಿದ ಮೇಲೆ ನಾನು ಔಷಧಿ ಕೋಣೆಗೆ ಹೋಗಿ ಬಾಗಿಲಿಗೆ ಒರಗಿ ನಿಂತೆ. ಯಾರೋ ನೀರು ತಂದುಕೊಟ್ಟರು, ಕುಡಿದೆ. ಅಷ್ಟು ವರ್ಷದ ಅನುಭವದ ಮೇಲೂ ಅದು ಬೇಕಾಯಿತು. ನಿಮಗೂ ಬೇಕಾಗಬಹುದು. ಆಗ ಯಾರಾದರೂ ನೀರು ತಂದುಕೊಟ್ಟರೆ ಬೇಡ ಎನ್ನಬೇಡಿ.

ಜಯಮ್ಮ ಯಾಕೆ ಹಾಗೆ ಮಾಡಿದಳು? ವಾರ್ಡಿನಲ್ಲಿ ಎಲ್ಲರೂ ದಡ್ಡತನ ಎಂದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದವಳ ಪಕ್ಕ ಹೋಗಿ ಕೇಳಿದೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ಇಡ್ಲಿ ಅಂದ್ರೆ ಅಗೀಬೇಕಲ್ವಾ ಸಿಸ್ಟ್ರೇ. ಅವ್ರ ಬಾಯಿ ಒಂದ್ ಕಡೆ ಆಡಾಕಿಲ್ಲ. ಹಿಟ್ಟಾದ್ರೆ ಅಗಿಯೋ ಹಂಗೇ ಇಲ್ಲ, ಸಾರಲ್ಲಿ ಅದ್ದಿ ಬಿಟ್ರೆ ತಾನೇ ಜಾರ್ಕೊಂಡ್ ಹೋಯ್ತದೆ. ಹಸುಗೂಸಿಗೂ ಅದನ್ನೇ ಅಲ್ವಾ ಕೊಡೋದು. ಅದಕ್ಕಿಂತ ಮೆತ್ತಗಿನದು ಏನೈತೆ?"

ಅವರ ಕಡೆ ಮುದ್ದೆಗೆ ಹಿಟ್ಟು ಎನ್ನುತ್ತಾರೆ. ನಮ್ಮದು ದಾವಣಗೆರೆ ಕಡೆಯಿಂದ ಬಸವೇಶ್ವರನಗರಕ್ಕೆ ಬಂದು ನೆಲೆಸಿದ ಮನೆತನ, ರೊಟ್ಟಿ ತಿನ್ನುವವರು. ಜೋಳದ ರೊಟ್ಟಿಯನ್ನು ಅಗಿಯದೆ ವಿಧಿಯಿಲ್ಲ. ಮುದ್ದೆಯನ್ನು ಹಲ್ಲಿಗೆ ತಾಗಿಸದೆ ನುಂಗುತ್ತಾರೆ ಎಂಬುದು ನನಗೂ ಗೊತ್ತಿತ್ತು, ನೋಡಿಯೂ ಇದ್ದೆ. ಆದರೆ ಅಗಿಯಬೇಕಾಗಿಲ್ಲದ್ದೇ ಸುಲಭದ ಊಟ ಎಂದು ಅವಳು ಲೆಕ್ಕ ಹಾಕಬಹುದೆಂದು ನನಗಾಗಲಿ ಅನುಷಾಳಿಗಾಗಲಿ ಹೊಳೆದಿರಲಿಲ್ಲ. ಬಾಯಿ ಮಾಡದೆ ಬಿಟ್ಟ ಕೆಲಸವನ್ನೆಲ್ಲ ಗಂಟಲು ಒಂದೇ ಏಟಿಗೆ ಮಾಡಬೇಕು, ಗೌಡರಲ್ಲಿ ಸೋತಿದ್ದದ್ದು ಅದೇ ಗಂಟಲು. ಜಯಮ್ಮನಿಗೆ ಇದನ್ನು ಹೇಳಿದಾಗ ಅವಳು ತನ್ನ ಕತ್ತನ್ನು ಮುಟ್ಟಿಕೊಂಡು, ಒಂದು ಸಲ ಎಂಜಲು ನುಂಗಿ ನೋಡಿದಳು. "ಹೌದಲ್ವಾ" ಎಂದಳು.

ಸಂಜೆ ರಮೇಶ ಬಂದ. ವಾರ್ಡಿನ ಬಾಗಿಲಲ್ಲೇ ತಾಯಿಯನ್ನು ನೋಡಿ, "ಕೊಂದೇಬಿಡ್ತಿದ್ದೆಯಲ್ಲಮ್ಮ. ಡಾಕ್ಟ್ರು ಓದಿರೋದು ಸುಮ್ನೇನಾ? ನಿಂಗೆ ನಿನ್ ಹಿಟ್ಟೇ ದೊಡ್ದು" ಅಂದ. ಹುಡುಗ ಕೆಟ್ಟವನಲ್ಲ. ಹೆದರಿದ್ದ. ಆದರೆ ಆ ಮಾತಿನ ನಂತರ ಜಯಮ್ಮ ಗಂಡನ ಹಾಸಿಗೆಯ ಹತ್ತಿರ ಬರುವುದನ್ನೇ ಬಿಟ್ಟಳು. ಬೆಳಿಗ್ಗೆ ಬರುತ್ತಿದ್ದಳು, ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಸಂಜೆ ಮಗನ ಜೊತೆ ಹೋಗುತ್ತಿದ್ದಳು.

ಗೌಡರು ಇನ್ನೊಂದು ಥರ ಸೋತರು. ಮೂಗಿನ ಟ್ಯೂಬನ್ನು ಬಲಗೈಯಿಂದ ಕಿತ್ತರು. ಮತ್ತೆ ಹಾಕಿದೆವು, ಮತ್ತೆ ಕಿತ್ತರು. ಟ್ಯೂಬ್ ಹಾಕಿಸಿಕೊಳ್ಳುವುದು ಎಂಥ ಹಿಂಸೆ ಎಂದು ಹಾಕುವವರಿಗೆ ಗೊತ್ತು. ಕಣ್ಣಲ್ಲಿ ನೀರು ಬರದ ರೋಗಿಯನ್ನು ನಾನು ನೋಡಿಲ್ಲ. ಕೊನೆಗೆ ಬಲಗೈಯನ್ನು ಮೆತ್ತನೆಯ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಲು ಡಾಕ್ಟರ ಆದೇಶವಾಯಿತು. ಕಟ್ಟಿದೆವು. ಉಳಿದಿದ್ದ ಒಂದು ಕೈಯೂ ಹೋಯಿತು. ಅವರು ಗೋಡೆಯ ಕಡೆ ಮುಖ ಮಾಡಿದರು.

ನ್ಯೂರೋ ಡಾಕ್ಟರು ನಿಧಾನದ ಮನುಷ್ಯ, ರೋಗಿಯ ಮೇಲೆ ಕಾಳಜಿ ಇದ್ದವರು. ಮಗನನ್ನೂ ನನ್ನನ್ನೂ ನಿಲ್ಲಿಸಿಕೊಂಡು ಹೇಳಿದರು: ಜ್ವರ ಇಳಿಯಲಿ. ಅದಾದ ಒಂದು ವಾರದೊಳಗೆ ಬಾಯಿಂದ ಸುರಕ್ಷಿತವಾಗಿ ನುಂಗುವುದು ಸಾಧ್ಯವಾಗದಿದ್ದರೆ ಹೊಟ್ಟೆಯ ಗೋಡೆಗೇ ಸಣ್ಣ ತೂತು ಮಾಡಿ ಟ್ಯೂಬ್ ಇಡೋಣ. ಮನೆಗೆ ಹೋಗಬಹುದು, ಮನೆಯವರೇ ಅದರಲ್ಲಿ ಗಂಜಿ ಹಾಕಬಹುದು. ಅದು ತಪ್ಪು ಸಲಹೆಯಲ್ಲ. ಎಷ್ಟೋ ಜನ ಆ ಟ್ಯೂಬಿನಿಂದ ಚೆನ್ನಾಗಿ ಬದುಕಿದ್ದಾರೆ. ರಮೇಶ ಒಪ್ಪಿದ. ಗೌಡರಿಗೆ ಈ ಸುದ್ದಿ ಹೇಳಿದವಳು ನಾನೇ. ತೊದಲುತ್ತಾ ಒಂದೊಂದೇ ಮಾತು ಹೇಳಿದರು. "ಹೊಟ್ಟೆಗ್ ಸುರಿಯೋದು... ಊಟ ಅಲ್ಲ ಸಿಸ್ಟ್ರೇ. ದನಕ್ಕೂ... ಬಾಯಿಗೇ ಹಾಕ್ತೀವಿ."

ಅವರಿಗೆ ಉಳಿದಿದ್ದದ್ದು ಆ ಒಂದು ವಾರ.

ನಾನು ಮೊದಲು ಮಾಡಿದ್ದು ಗೌಡರಿಗಾಗಿ ಅಲ್ಲ, ಜಯಮ್ಮನಿಗಾಗಿ. ಮೆಟ್ಟಿಲಿಗೆ ಹೋಗಿ, "ಉಣ್ಣಿಸೋದು ಬೇಡ. ಬಾಯಿ ತೊಳೆಯೋದು ಕಲೀತೀರಾ?" ಎಂದು ಕೇಳಿದೆ. ಬಾಯಿಂದ ಏನೂ ತಿನ್ನದವರ ಬಾಯಿ ಬೇಗ ಕೆಡುತ್ತದೆ, ನಾಲಿಗೆ ಕಟ್ಟುತ್ತದೆ, ಆ ಕೊಳೆಯೇ ಎಂಜಲಿನೊಂದಿಗೆ ಒಳಗೆ ಜಾರಿ ಜ್ವರ ತರುತ್ತದೆ. ಬೆರಳಿಗೆ ಗಾಜ್ ಬಟ್ಟೆ ಸುತ್ತಿ ವಸಡು, ಕೆನ್ನೆಯ ಒಳಮೈ, ನಾಲಿಗೆ ಒರೆಸಬೇಕು. ನಾವು ಮಾಡುತ್ತಿದ್ದೆವು, ಆದರೆ ನಮಗಿರುವ ಅವಸರದಲ್ಲಿ.

"ನಾನ್ ಮುಟ್ಟಲ್ಲ ಸಿಸ್ಟ್ರೇ. ಮತ್ತೆ ಏನಾರ ಆದ್ರೆ?"

"ನಾನು ಪಕ್ಕದಲ್ಲೇ ಇರ್ತೀನಿ. ನಿಮ್ಮ ಮಗನಿಗೆ ನಾನೇ ಹೇಳ್ತೀನಿ."

ಬಂದಳು. ಬೆರಳು ಬಾಯೊಳಗೆ ಇಟ್ಟಾಗ ಗೌಡರು ಗೋಡೆಯಿಂದ ಮುಖ ತಿರುಗಿಸಿದರು. ಅವಳು ಪಾತ್ರೆಯ ತಳ ಉಜ್ಜುವವಳ ಶ್ರದ್ಧೆಯಿಂದ ಮೂಲೆ ಮೂಲೆ ಒರೆಸಿದಳು. ಅವಳು ಬಳಿಯಲ್ಲಿರುವಷ್ಟು ಹೊತ್ತು ಕೈ ಕಟ್ಟುವುದು ಬೇಡ ಎಂದು ಡಾಕ್ಟರನ್ನು ಕೇಳಿ ಒಪ್ಪಿಗೆ ಪಡೆದು ಬಟ್ಟೆ ಬಿಚ್ಚಿದೆ. ಬಿಚ್ಚಿದ ಕೈ ಟ್ಯೂಬಿನ ಕಡೆ ಹೋಗಲಿಲ್ಲ. ಹೆಂಡತಿಯ ಸೀರೆಯ ಅಂಚನ್ನು ಹಿಡಿದುಕೊಂಡಿತು. ಪಕ್ಕದ ಹಾಸಿಗೆಯಿಂದ ರಂಗಸ್ವಾಮಿಯವರು, "ಗೌಡ್ರೇ, ಸ್ಟಾಪ್ ಬಂದ್ರೂ ಇಳಿಯಂಗೆ ಕಾಣಲ್ಲ ನೀವು" ಅಂದರು. ಆಸ್ಪತ್ರೆಗೆ ಬಂದ ಮೇಲೆ ಗೌಡರ ಮುಖ ಸಡಿಲವಾದದ್ದನ್ನು ನಾನು ಕಂಡದ್ದು ಆಗಲೇ.

ಜ್ವರ ಇಳಿಯಿತು. ಅನುಷಾ ಮತ್ತೆ ಶುರು ಮಾಡಿದಳು. ಈ ಸಲ ಏನು ಕೊಡಬೇಕೆಂದು ಜಯಮ್ಮನನ್ನೇ ಕೂರಿಸಿಕೊಂಡು ಕೇಳಿದಳು. ರಾಗಿ ಗಂಜಿ ಎಂದಾಯಿತು. ನೀರಾಗಿದ್ದರೆ ಗಂಟಲು ತಡೆಯುವ ಮೊದಲೇ ಓಡಿಬಿಡುತ್ತದೆ, ಗಟ್ಟಿಯಾದರೆ ಸಿಕ್ಕಿಕೊಳ್ಳುತ್ತದೆ. ಚಮಚ ಓರೆ ಮಾಡಿದರೆ ಜೇನಿನ ಹಾಗೆ ನಿಧಾನಕ್ಕೆ ಜಾರಬೇಕು ಎಂದು ಅನುಷಾ ತೋರಿಸಿದಳು. ಮುದ್ದೆಯ ಪ್ರಸಂಗದ ನಂತರ ಹೊರಗಿನ ಊಟ ತರಕೂಡದೆಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಕಟ್ಟಪ್ಪಣೆ ಮಾಡಿದ್ದರಿಂದ ನಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲೇ ಗಂಜಿ ಮಾಡಿಸಿದೆವು. ಗದ್ದವನ್ನು ಎದೆಗೆ ತಾಗಿಸಿ ನುಂಗಬೇಕು, ಒಂದು ತುತ್ತಿಗೆ ಎರಡು ಸಲ ನುಂಗಬೇಕು, ಆಮೇಲೆ ಮಾತಾಡಬೇಕು. ಎಲ್ಲ ಸರಿಯಾಗಿ ಹೇಳಿಕೊಟ್ಟಳು.

ಆದರೂ ಆಗಲಿಲ್ಲ. ಮೊದಲ ಚಮಚವನ್ನು ಗೌಡರು ಗಬಕ್ಕನೆ ನುಂಗಿದರು, ಗದ್ದ ಮೇಲೆತ್ತಿದರು, ಕೆಮ್ಮಿದರು. ದನಿ ಗೊರಗೊರ. ಅವತ್ತಿಗೆ ನಿಲ್ಲಿಸಿದೆವು. ಮರುದಿನವೂ ಅದೇ. "ನಿಧಾನ ತಾತ, ನಿಧಾನ" ಎಂದು ಅನುಷಾ ಹೇಳುತ್ತಲೇ ಇದ್ದಳು. "ನಿಧಾನವೇ... ಇದು" ಎಂದರು ಗೌಡರು. ಅವರಿಗೂ ಬೇಸರ, ಅವಳ ಕಣ್ಣಲ್ಲೂ ನೀರು. ವಾರದಲ್ಲಿ ಅರ್ಧ ಕಳೆದಿತ್ತು. ರಮೇಶ ಒಪ್ಪಿಗೆಗೆ ಸಹಿ ಹಾಕಲು ಬರುತ್ತೇನೆಂದು ಫೋನ್ ಮಾಡಿದ್ದ.

ಮಧ್ಯಾಹ್ನ ಜಯಮ್ಮನನ್ನು ಕೇಳಿದೆ. "ಮನೇಲಿ ಇವರು ಹೇಗೆ ಉಣ್ಣೋರು?"

"ಹೆಂಗ್ ಅಂದ್ರೆ? ಕೂತ್ರು, ಉಂಡ್ರು, ಎದ್ರು. ನಾನ್ ಸಾರ್ ತರೋಕ್ ಹೋಗಿ ಬರೋಷ್ಟ್ರಲ್ಲಿ ಹಿಟ್ಟು ಖಾಲಿ."

"ನೀವು?"

"ನಾನ್ ಬಡಿಸೋಕೆ ನಿಂತಿರ್ತೀನಿ."

"ನಿಮ್ಮ ಊಟ?"

"ಅವ್ರು ಕೈ ತೊಳೆದ್ಮೇಲೆ." ಇದೆಂಥ ಪ್ರಶ್ನೆ ಎಂಬ ಹಾಗೆ ನನ್ನನ್ನು ನೋಡಿದಳು.

ಆಗ ನನಗೆ ಹಾಸಿಗೆಯ ಸುತ್ತ ನಾವು ಹೇಗಿದ್ದೆವು ಎಂಬುದು ಕಣ್ಣಿಗೆ ಕಟ್ಟಿತು. ಅನುಷಾ ಚಮಚ ಹಿಡಿದು ನಿಂತಿದ್ದಳು. ನಾನು ಟವೆಲ್ ಹಿಡಿದು ನಿಂತಿದ್ದೆ. ಜಯಮ್ಮ ಕಾಲಿನ ಬಳಿ ನಿಂತಿದ್ದಳು. ಮೂರು ಜನ ನಿಂತು ಒಬ್ಬ ಮನುಷ್ಯನ ಬಾಯಿಯನ್ನೇ ನೋಡುತ್ತಾ ನಿಧಾನ ನಿಧಾನ ಎನ್ನುತ್ತಿದ್ದೆವು. ಆ ಮನುಷ್ಯ ಒಂದು ಜೀವಮಾನವಿಡೀ ನಿಂತವರು ಕಾದಿದ್ದಾರೆಂದು ಬೇಗ ಬೇಗ ನುಂಗಿ ಎದ್ದವನು. ನಮ್ಮ ಬಾಯಿ ಹೇಳುತ್ತಿದ್ದದ್ದು ಒಂದು, ನಮ್ಮ ಕಾಲು ಹೇಳುತ್ತಿದ್ದದ್ದು ಇನ್ನೊಂದು.

ಸಂಜೆಯ ಗಂಜಿಗೆ ಸ್ಟೂಲುಗಳನ್ನು ತರಿಸಿದೆ. ಅನುಷಾಳನ್ನು ಕೂರಿಸಿದೆ, ನಾನೂ ಕೂತೆ. ಅಷ್ಟು ವರ್ಷದ ಕೆಲಸದಲ್ಲಿ ಡ್ಯೂಟಿಯ ಹೊತ್ತು ರೋಗಿಯ ಪಕ್ಕ ಹಾಗೆ ಕೂತದ್ದು ನನಗೆ ಬಟ್ಟೆ ಇಲ್ಲದೆ ಕೂತಷ್ಟು ಮುಜುಗರವಾಯಿತು. ಏಲಿಯಮ್ಮ ಸಿಸ್ಟರ್ ಎಲ್ಲೋ ಬಾಗಿಲಲ್ಲಿದ್ದಾರೆ ಎನಿಸಿತು. ಮೂರನೆಯ ಸ್ಟೂಲನ್ನು ಗೌಡರ ಎದುರಿಗೆ ಎಳೆದು ಜಯಮ್ಮನಿಗೆ ತೋರಿಸಿದೆ. ಎರಡು ಬಟ್ಟಲಲ್ಲಿ ಗಂಜಿ ಹಾಕಿಸಿದ್ದೆ. ಈ ಸಲ ಅವರೇ ಉಣ್ಣಲಿ ಎಂದು ಒಂದನ್ನು ಚಮಚದೊಂದಿಗೆ ಗೌಡರ ಬಲಗಡೆ ಇಟ್ಟೆ, ಇನ್ನೊಂದನ್ನು ಜಯಮ್ಮನ ಕಡೆ ಚಾಚಿದೆ.

"ಇದ್ಯಾರಿಗೆ?" ಎಂದಳು.

"ನಿಮಗೆ. ನೀವು ಒಂದು ಚಮಚ ನುಂಗಿ. ಅದನ್ನ ನೋಡಿ ಅವರು ಒಂದು ಚಮಚ ನುಂಗ್ತಾರೆ."

ಜಯಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ಅದೆಲ್ಲ ಆಗಲ್ಲ ಸಿಸ್ಟ್ರೇ. ಅವ್ರ ಮುಂದೆ ಕೂತು ನಾನ್ ಯಾವತ್ತೂ ಉಂಡಿಲ್ಲ."

"ಮದ್ವೇಲಿ ಒಂದೇ ಎಲೇಲಿ ಉಣ್ಣಿಸಿರ್ತಾರಲ್ಲಮ್ಮ" ಎಂದರು ರಂಗಸ್ವಾಮಿಯವರು.

"ಅವತ್ತು ನಾಚ್ಕೆಗೆ ಒಂದ್ ಅಗುಳೂ ಒಳಕ್ ಹೋಗಿಲ್ಲ ಕಣಣ್ಣ. ಎಲ್ಲಾ ಇವ್ರೇ ಉಂಡಿದ್ದು."

ವಾರ್ಡಿನಲ್ಲಿ ಎಲ್ಲರೂ ನಕ್ಕರು. ಗೌಡರ ಹೊಟ್ಟೆಯೂ ಕುಲುಕಿತು. ಆಮೇಲೆ ಅವರು ಬಲಗೈಯಿಂದ ಸ್ಟೂಲನ್ನು ತಟ್ಟಿದರು. "ಕೂತ್ಕೊಳ್ಳೇ" ಅಂದರು. ಜಯಮ್ಮ ಸೆರಗನ್ನು ಸರಿ ಮಾಡಿಕೊಂಡು, ಅರ್ಧ ಮಾತ್ರ ಸ್ಟೂಲಿನ ಮೇಲೆ ಬರುವ ಹಾಗೆ, ಗಂಡನ ಮುಖ ನೋಡದೆ ಕೂತಳು.

ಅವಳು ಹೇಗೆ ಉಣ್ಣುತ್ತಾಳೆಂದು ಆ ಮನುಷ್ಯ ಅದುವರೆಗೆ ನೋಡಿರಲಿಲ್ಲ. ನಾನು ಎದುರಿಗೇ ಇದ್ದೆ, ಆದ್ದರಿಂದ ಇದನ್ನು ಖಚಿತವಾಗಿ ಬರೆಯಬಲ್ಲೆ. ಅವರು ತಮ್ಮ ಚಮಚ ಮರೆತು ಅವಳನ್ನು ನೋಡಿದರು. ಜಯಮ್ಮ ಸ್ವಭಾವದಿಂದಲೇ ನಿಧಾನದವಳು. ಗಂಜಿಯನ್ನು ಬಾಯಲ್ಲಿಟ್ಟುಕೊಂಡು, ತುಟಿ ಮುಚ್ಚಿ, ತಲೆ ತಗ್ಗಿಸಿ ನುಂಗುವವಳು. ತಲೆ ತಗ್ಗಿಸಿದ್ದು ನಾಚಿಕೆಗೆ, ಆದರೆ ಅನುಷಾ ಎಷ್ಟು ಹೇಳಿದರೂ ಬಾರದಿದ್ದ ಭಂಗಿ ಅದೇ. ಅವಳ ಗಂಟಲು ಆಡಿ ನಿಂತ ಮೇಲೆ ಗೌಡರು ತಮ್ಮ ಚಮಚ ಬಾಯಿಗಿಟ್ಟರು. ಅವಳ ಹಾಗೆಯೇ ತಲೆ ತಗ್ಗಿಸಿದರು. ನುಂಗಿದರು. ಇನ್ನೊಂದು ಸಲ ನುಂಗಿದರು. "ಸಾರ್ ಹೇಗಿದೆ ತಾತ?" ಎಂದಳು ಅನುಷಾ. "ಇದ್ರಲ್ಲಿ... ಸಾರ್ ಎಲ್ಲೈತೆ" ಎಂದರು. ದನಿಯಲ್ಲಿ ತುಸು ಗೊರಗೊರ ಇತ್ತು, ಕೆಮ್ಮಿದ ಮೇಲೆ ಹೋಯಿತು. ಆ ಸಂಜೆ ಐದಾರು ಚಮಚ ಹೋಯಿತು.

ಮುಂದಿನ ದಿನಗಳಲ್ಲಿ ರಂಗಸ್ವಾಮಿಯವರು ತಾವಾಗಿಯೇ ಡ್ಯೂಟಿ ವಹಿಸಿಕೊಂಡರು. ಜಯಮ್ಮ ನುಂಗಿದಳೋ, "ರೈಟ್" ಎನ್ನುವರು. ಗೌಡರು ಅವಸರ ಮಾಡಿದರೆ "ಹೋಲ್ಡಾನ್, ಹೆಂಗಸರು ಇನ್ನೂ ಹತ್ತಿಲ್ಲ" ಎನ್ನುವರು. ಒಂದು ದಿನ ರಮೇಶ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ತಂದೆ ತಾಯಿ ಎದುರುಬದುರು ಕೂತು ಉಣ್ಣುವುದನ್ನು ಅವನೂ ಕಂಡಿರಲಿಲ್ಲ. ಹೊರಗೆ ಹೋಗಿ ಇನ್ನೊಂದು ಸ್ಟೂಲು ಹುಡುಕಿಕೊಂಡು ಬಂದು ತಾಯಿಯ ಪಕ್ಕ ಕೂತ.

ಒಂದು ಮಾತನ್ನು ಇಲ್ಲೇ ಸ್ಪಷ್ಟವಾಗಿ ಬರೆಯಬೇಕು. ಪಾರ್ಶ್ವವಾಯು ಆದವರ ಗಂಟಲು ದಿನ ಕಳೆದ ಹಾಗೆ ತಾನಾಗಿಯೂ ಸುಧಾರಿಸುತ್ತದೆ. ಔಷಧಿ ಅದರ ಕೆಲಸ ಮಾಡಿತ್ತು, ಅನುಷಾಳ ವ್ಯಾಯಾಮಗಳು ಅವುಗಳ ಕೆಲಸ ಮಾಡಿದ್ದವು. ಸ್ಟೂಲಿನಿಂದಲೇ ಗುಣವಾಯಿತು ಎಂದು ನಾನು ಹೇಳಿದರೆ ಅದು ಸುಳ್ಳು. ಇದೇ ರೀತಿ ಕೂರಿಸಿ, ಇದೇ ರೀತಿ ಕಾದು ಉಣ್ಣಿಸಿದ ಬೇರೆ ರೋಗಿಗಳು ಹೊಟ್ಟೆಯ ಟ್ಯೂಬಿನೊಂದಿಗೇ ಮನೆಗೆ ಹೋಗಿದ್ದಾರೆ. ನಾನು ಕಂಡದ್ದು ಇಷ್ಟು: ಸುಧಾರಿಸುವ ಗಂಟಲಿಗೆ ಬೇಕಾದ ಹೊತ್ತನ್ನು ನಾವು ನಿಂತುಕೊಂಡು ಕಸಿಯುತ್ತಿದ್ದೆವು, ಕೂತ ಮೇಲೆ ಕಸಿಯುವುದು ನಿಂತಿತು. ಉಣ್ಣಿಸುವುದು ಯಾರ ಕೆಲಸ ಎಂಬ ಪ್ರಶ್ನೆಗೂ ನನ್ನಲ್ಲಿರುವ ಉತ್ತರ ಅಷ್ಟೇ. ಚಮಚ ಯಾರ ಕೈಯಲ್ಲಾದರೂ ಇರಲಿ. ಆ ಹೊತ್ತನ್ನು ಕಾಯುವ ಕೆಲಸ ನರ್ಸಿನದು. ಆಮೇಲೆ ನಮ್ಮ ವಾರ್ಡಿನಲ್ಲಿ ಪ್ರತಿ ಮಂಚದ ಪಕ್ಕ ಒಂದು ಸ್ಟೂಲು ಬಂತು. ಸೂಪರಿಂಟೆಂಡೆಂಟ್ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಸುಮ್ಮನಾದರು.

ಡಾಕ್ಟರು ಕೊಟ್ಟ ವಾರ ಮುಗಿಯಿತು. ಅವತ್ತು ಅವರು ತಾವೇ ನೋಡಿ ನಿರ್ಧರಿಸುವುದೆಂದಿತ್ತು. ಬೆಳಗಿನ ಹೊತ್ತು. ರಮೇಶ ಅಂಗಡಿ ಮುಚ್ಚಿ ಬಂದಿದ್ದ. ಮೂಗಿನ ಟ್ಯೂಬಿನ ಪ್ಲಾಸ್ಟರ್ ಗೌಡರ ಕೆನ್ನೆಯ ಮೇಲೆ ಬಿಳಿದಾಗಿ ಕಾಣುತ್ತಿತ್ತು. ಗಂಜಿಯ ಬಟ್ಟಲು ಮುಂದಿಟ್ಟೆವು. ಡಾಕ್ಟರು ಗಂಟಲಿನ ಪಕ್ಕ ಸ್ಟೆತಸ್ಕೋಪ್ ಇಟ್ಟು ಬಗ್ಗಿದರು.

"ಎಲ್ಲಿ, ಒಂದು ಚಮಚ ನುಂಗಿ ಯಜಮಾನ್ರೇ."

ಗೌಡರು ಚಮಚ ಹಿಡಿದರು, ಎತ್ತಲಿಲ್ಲ.

"ಯಾಕೆ? ಆಗ್ತಾ ಇಲ್ವಾ?"

ಡಾಕ್ಟರು ನನ್ನ ಕಡೆ ನೋಡಿದರು. ಮತ್ತೆ ಗೋಡೆಗೆ ಮುಖ ಮಾಡುತ್ತಾರೇನೋ ಎಂದು ನಾನೂ ಹೆದರಿದೆ. ರಮೇಶ, "ಅಪ್ಪ, ಒಂದೇ ಒಂದು ಕಣಪ್ಪ" ಎಂದ. ಗೌಡರ ಕಣ್ಣು ಬಾಗಿಲ ಕಡೆ ಇತ್ತು. ಆಗ ನನಗೆ ತಿಳಿಯಿತು. ಡಾಕ್ಟರು ಬರುತ್ತಾರೆಂದು ಆಯಾ ಮನೆಯವರನ್ನು ಹೊರಗೆ ಕಳಿಸಿದ್ದಳು. ಮಗ ಹೇಗೋ ಉಳಿದುಕೊಂಡಿದ್ದ, ಜಯಮ್ಮ ಮಾತ್ರ ಆಯಾ ಹೇಳಿದ ಕೂಡಲೇ ಹೋಗಿ ಕಾರಿಡಾರಿನಲ್ಲಿ ನಿಂತಿದ್ದಳು.

"ಅವ್ಳು ಬರ್ಲಿ" ಎಂದರು ಗೌಡರು.

ನಾನು ಹೋಗಿ ಕರೆತಂದೆ. ಡಾಕ್ಟರು ಪಕ್ಕಕ್ಕೆ ಸರಿದು, ತಾವೇ ಕಾಲಿನಿಂದ ಸ್ಟೂಲನ್ನು ಅವಳ ಕಡೆ ತಳ್ಳಿದರು. ಅಷ್ಟು ಜನರ ಮುಂದೆ ಜಯಮ್ಮ ಕೂತಳು. ಬಟ್ಟಲು ಕೈಗೆ ತೆಗೆದುಕೊಂಡಳು. ಒಂದು ಚಮಚ ನುಂಗಿದಳು. ರಂಗಸ್ವಾಮಿಯವರು ಕೂಡ ಸುಮ್ಮನಿದ್ದರು.

ಗೌಡರು ತಮ್ಮ ಚಮಚ ಬಾಯಿಗಿಟ್ಟರು. ತುಟಿ ಮುಚ್ಚಿದರು. ಗದ್ದ ಎದೆಗೆ ತಾಗಿತು. ಒಂದು ಸಲ, ಇನ್ನೊಂದು ಸಲ. ಹೀಗೆ ಹತ್ತಾರು ಚಮಚ ಆಗುವವರೆಗೂ ಡಾಕ್ಟರು ಸ್ಟೆತಸ್ಕೋಪ್ ತೆಗೆಯದೆ ಬಗ್ಗಿಯೇ ಇದ್ದರು. ಎಲ್ಲ ಮುಗಿದ ಮೇಲೆ ನೆಟ್ಟಗೆ ನಿಂತು, "ಈಗ ಏನಾದ್ರೂ ಮಾತಾಡಿ ಯಜಮಾನ್ರೇ. ದನಿ ಕೇಳಬೇಕು ನಾನು" ಎಂದರು.

ಗೌಡರು ಡಾಕ್ಟರ ಕಡೆ ನೋಡಲಿಲ್ಲ. ಜಯಮ್ಮ ಗಂಡನ ಬಾಯಿಯನ್ನೇ ನೋಡುತ್ತಾ ತನ್ನ ಚಮಚವನ್ನು ಬಟ್ಟಲಲ್ಲೇ ಬಿಟ್ಟಿದ್ದಳು. ಅರ್ಧಕ್ಕಿಂತ ಹೆಚ್ಚು ಗಂಜಿ ಹಾಗೆಯೇ ಇತ್ತು.

"ಉಣ್ಣೇ. ನಿಂದು ಆರ್ತೈತೆ" ಎಂದರು.

ಮಾತು ತೊದಲಿತು. ದನಿಯಲ್ಲಿ ಗೊರಗೊರ ಇರಲಿಲ್ಲ. ಡಾಕ್ಟರು ಕೆನ್ನೆಯ ಮೇಲಿನ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಎಬ್ಬಿಸಿ, ಟ್ಯೂಬ್ ತೆಗೆಯಿರಿ ಎಂದು ನನಗೆ ಸನ್ನೆ ಮಾಡಿದರು. ಜಯಮ್ಮ ತಲೆ ತಗ್ಗಿಸಿ ಉಳಿದ ಗಂಜಿಯನ್ನು ಉಣ್ಣತೊಡಗಿದಳು. ಗೌಡರು ಅವಳ ಬಟ್ಟಲು ಮುಗಿಯುವವರೆಗೆ ಕಾದರು, ನಾನು ಅವರಿಬ್ಬರಿಗಾಗಿ ಕಾದೆ, ಆಮೇಲೆ ಟ್ಯೂಬ್ ತೆಗೆದೆ.